ಪಕ್ಕದ ಮನೆಯ ನಾಯಿ, ಯಾರದ್ದೂ ಅಲ್ಲದ ಜಿಂಕೆ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ನಿಮ್ಮ ಹೆಸರಿನಲ್ಲಿರುವ ಕಾಡಿನೊಳಗೆ, ನೀವು ‘ಬರಬೇಡ’ ಎಂದು ಹೇಳಿದ ಮೇಲೂ ಒಬ್ಬ ಅಪರಿಚಿತ ಕಾಲಿಡಬಹುದು. ಅದಕ್ಕೆ ಎರಡು ಷರತ್ತುಗಳಿವೆ. ಅವನ ಬೇಟೆನಾಯಿ ಬೇರೆಲ್ಲೋ ಹಿಡಿದ ಜಾಡಿನ ಬೆನ್ನು ಹತ್ತಿ ನಿಮ್ಮ ಗಡಿ ದಾಟಿರಬೇಕು. ಅದನ್ನು ಕರೆದೊಯ್ಯಲು ಬರುವಾಗ ಅವನ ಬಳಿ ಕೋವಿಯಾಗಲಿ ಬಿಲ್ಲಾಗಲಿ ಇರಬಾರದು. ನೀವು ಹೆಸರು ಕೇಳಿದರೆ ಅವನು ಹೇಳಲೇಬೇಕು, ಹೇಳಲು ನಿರಾಕರಿಸಿದರೆ ಅದು ಅಪರಾಧ. ವಾಹನ ಒಳಗೆ ತರುವುದಾದರೆ ಮಾತ್ರ ನಿಮ್ಮ ಅಪ್ಪಣೆ ಬೇಕು. ಸ್ವಂತ ಜಮೀನಿನ ಹಕ್ಕಿಗಾಗಿ ಎಂಥ ವಾದಕ್ಕೂ ನಿಲ್ಲುವ ಜನರ ನಾಡಿನಲ್ಲಿ ನಾಯಿಯ ಸಲುವಾಗಿ ಗಡಿಯನ್ನು ಇಷ್ಟು ಸಡಿಲಿಸಿದ ಕಾನೂನು ಹೇಗೆ ಹುಟ್ಟಿತು, ಅದು ಇವತ್ತಿಗೂ ಸಲ್ಲುತ್ತದೆಯೇ ಎಂಬ ಜಗಳ ಅಲ್ಲಿ ಪ್ರತಿ ನವೆಂಬರಿನಲ್ಲೂ ಹೊಸದಾಗಿ ಏಳುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಮಗೆ ಅಜ್ಜಂದಿರ ಕಥೆಯಾಯಿತು. ಹಾಗಾಗಿ ಈ ಜಗಳದ ಬಿಸಿ ನಮಗೆ ಸುಲಭಕ್ಕೆ ತಟ್ಟುವುದಿಲ್ಲ. ಅಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಇದೆ, ಋತು ಇದೆ, ಒಬ್ಬರಿಗೆ ಇಷ್ಟೇ ಎಂಬ ಲೆಕ್ಕ ಇದೆ. 1900ರ ಸುಮಾರಿಗೆ ಇಡೀ ದೇಶದಲ್ಲಿ ಐದು ಲಕ್ಷಕ್ಕಿಂತ ಹೆಚ್ಚು ಬಿಳಿಬಾಲದ ಜಿಂಕೆಗಳು ಉಳಿದಿರಲಿಲ್ಲ ಎಂಬ ಅಂದಾಜಿದೆ. ಮಾಂಸದ ವ್ಯಾಪಾರಕ್ಕಾಗಿ ಕೊಲ್ಲುವುದನ್ನು ನಿಲ್ಲಿಸಿದರು. ಬೇಟೆಯ ದಿನಗಳನ್ನು ಗೊತ್ತುಮಾಡಿದರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಮೂಲಕ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಟ್ಟರು. ಈಗ ಆ ಸಂಖ್ಯೆ 3 ಕೋಟಿಯ ಆಸುಪಾಸಿನಲ್ಲಿದೆ. ತೋಳಗಳು ಅಳಿದುಹೋದ ಪೂರ್ವದ ರಾಜ್ಯಗಳಲ್ಲಿ ಜಿಂಕೆಯ ಸಂಖ್ಯೆಯನ್ನು ಹತೋಟಿಯಲ್ಲಿಡುವ ದೊಡ್ಡ ಕೈ ಬೇಟೆಗಾರನದೇ. ಇದನ್ನು ಒಪ್ಪುವುದು, ಬಿಡುವುದು ಓದುಗರಿಗೆ ಬಿಟ್ಟದ್ದು. ಆದರೆ ಅಲ್ಲಿ ಬೇಟೆಗಾರನ ದೂರನ್ನು ‘ಕೊಲ್ಲುವವನಿಗೇನು ದೂರು’ ಎಂದು ತಳ್ಳಿಹಾಕುವ ಹಾಗಿಲ್ಲ.

ಬೇಟೆಗೆ ನೆಲ ಬೇಕು, ಆ ನೆಲ ಬಹುಮಟ್ಟಿಗೆ ಖಾಸಗಿಯವರದು. ಸ್ವಂತ ಜಮೀನಿಲ್ಲದವರು ಎಕರೆಗೆ ವರ್ಷಕ್ಕೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ. ದಕ್ಷಿಣದ ರಾಜ್ಯಗಳಲ್ಲಿ ಮರದ ಕಂಪನಿಗಳ ಪೈನ್ ನೆಡುತೋಪುಗಳು ಹೀಗೆ ಬೇಟೆ ಕ್ಲಬ್ಬುಗಳಿಗೆ ಗುತ್ತಿಗೆಗೆ ಹೋಗುತ್ತವೆ. ಗುತ್ತಿಗೆದಾರ ಬೇಸಿಗೆಯಲ್ಲೇ ಬಂದು ದಾರಿ ಸವರುತ್ತಾನೆ, ಜಿಂಕೆ ಮೇಯಲೆಂದು ಸಣ್ಣ ತುಂಡು ನೆಲದಲ್ಲಿ ಕ್ಲೋವರ್ ಬಿತ್ತುತ್ತಾನೆ, ಮರಕ್ಕೆ ಅಟ್ಟಣೆ ಕಟ್ಟುತ್ತಾನೆ, ಓಡಾಟ ನೋಡಲು ಮರಗಳಿಗೆ ಕ್ಯಾಮೆರಾ ಬಿಗಿಯುತ್ತಾನೆ. ನವೆಂಬರಿನ ಚಳಿಯಲ್ಲಿ ಬೆಳಕು ಹರಿಯುವ ಮುನ್ನವೇ ಅಟ್ಟಣೆ ಏರಿ ಉಸಿರು ಬಿಗಿಹಿಡಿದು ಕೂರುತ್ತಾನೆ. ಆಗ ದೂರದಲ್ಲಿ ನಾಯಿಗಳ ದನಿ ಏಳುತ್ತದೆ. ನಾಲ್ಕು ಜಿಂಕೆಗಳು ಬಾಲವೆತ್ತಿ ಹಾರಿ ಬರುತ್ತವೆ, ಹಿಂದೆಯೇ ನಾಯಿಗಳು. ಅವನ ಆ ದಿನ ಮುಗಿಯಿತು. ಶನಿವಾರ ಭಾನುವಾರ ಮಾತ್ರ ಬಿಡುವಿರುವ ದುಡಿಯುವ ಮನುಷ್ಯನಿಗೆ ಇಂಥ ನಾಲ್ಕು ದಿನ ಹೋದರೆ ಋತುವೇ ಹೋದ ಹಾಗೆ.

ಈ ಪ್ರಸಂಗದಲ್ಲಿ ಯಾವುದು ಯಾರದು ಎಂದು ನೋಡಿದರೆ ತೊಡಕಿನ ಬೇರು ಕಾಣುತ್ತದೆ. ನೆಲ ಭೂಮಾಲೀಕನದು. ಅಲ್ಲಿ ಬೇಟೆಯಾಡುವ ಹಕ್ಕು ಗುತ್ತಿಗೆದಾರನದು. ನಾಯಿ ಪಕ್ಕದವನದು, ಕಾನೂನಿನ ಕಣ್ಣಿನಲ್ಲಿ ಅವನ ಸ್ವತ್ತು. ಜಿಂಕೆ ಮಾತ್ರ ಇವರಲ್ಲಿ ಯಾರದ್ದೂ ಅಲ್ಲ. ಅಮೆರಿಕದ ಕಾನೂನಿನಲ್ಲಿ ಕಾಡುಪ್ರಾಣಿ ಜನರ ಸೊತ್ತು, ಅವರ ಪರವಾಗಿ ರಾಜ್ಯ ಅದನ್ನು ಕಾಯುತ್ತದೆ. ಹೀಗಾಗಿ ‘ನನ್ನ ಜಿಂಕೆಯನ್ನು ಓಡಿಸಿತು’ ಎಂಬ ದೂರು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಪಕ್ಕದವನ ನಾಯಿ ನನ್ನ ಕುರಿಗೆ ಬಾಯಿ ಹಾಕಿದರೆ ಹಾನಿ ನನ್ನದು, ಪರಿಹಾರವೂ ನನಗೆ. ಅದೇ ನಾಯಿ ನನ್ನ ಬೇಲಿಯೊಳಗೆ ಜಿಂಕೆಯನ್ನು ಕೊಂದರೆ ಹಾನಿ ರಾಜ್ಯದ್ದು. ಬಾಡಿಗೆ ಕೊಟ್ಟು ಕಾದು ಕುಳಿತವನಿಗೆ ಇದು ಅನ್ಯಾಯವೆನ್ನಿಸುವುದು ಸಹಜ. ಮುಂದೆ ಅವನು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ಅಂಶವನ್ನು ಮರೆಯುವುದರಿಂದಲೇ ಹುಟ್ಟುತ್ತವೆ.

ನಾಯಿಗಳಲ್ಲೂ ಎರಡು ಬಗೆ. ಒಂದು, ಪಕ್ಕದ ಕ್ಲಬ್ಬಿನವರು ಬೇಟೆಗೆಂದೇ ಬಿಟ್ಟ ಹೌಂಡ್‌ಗಳು. ಇನ್ನೊಂದು, ಪಕ್ಕದ ತೋಟದಲ್ಲೋ ಮನೆಯಲ್ಲೋ ಸಾಕಿ, ಕಟ್ಟದೆ ಬಿಟ್ಟಿರುವ ನಾಯಿ. ಮೊದಲನೆಯದು ಬೇಟೆಯ ದಿನಗಳಲ್ಲಿ ಬರುತ್ತದೆ, ಗುಂಪಾಗಿ ಬರುತ್ತದೆ, ಅದರ ಹಿಂದೆ ಪಿಕಪ್ ಟ್ರಕ್ಕಿನಲ್ಲಿ ಯಜಮಾನನೂ ಬರುತ್ತಾನೆ. ಎರಡನೆಯದು ವರ್ಷವಿಡೀ, ಹಗಲೂ ಇರುಳೂ ಬರುತ್ತದೆ, ಅದರ ಯಜಮಾನನಿಗೆ ಅದು ಮನೆಯ ಹಿಂದಿನ ಮೆಟ್ಟಿಲ ಮೇಲೆ ಮಲಗಿದೆ ಎಂಬ ನಂಬಿಕೆ. ಇವೆರಡನ್ನೂ ಒಂದೇ ಮಾತಿನಲ್ಲಿ ಬೈಯುವವರಿಗೆ ಎರಡರಲ್ಲಿ ಒಂದಕ್ಕೂ ಪರಿಹಾರ ಸಿಗುವುದಿಲ್ಲ.

ಹೌಂಡ್‌ಗಳ ಕಥೆ ಅಮೆರಿಕದ ದಕ್ಷಿಣ ಭಾಗದಷ್ಟೇ ಹಳೆಯದು. ರಾಬರ್ಟ್ ಬ್ರೂಕ್ ಎಂಬ ವಲಸಿಗ 1650ರಲ್ಲಿ ಇಂಗ್ಲೆಂಡಿನಿಂದ ಮೇರಿಲ್ಯಾಂಡಿಗೆ ಬರುವಾಗ ತನ್ನ ಬೇಟೆನಾಯಿಗಳ ಹಿಂಡನ್ನೂ ಹಡಗಿನಲ್ಲಿ ತಂದ. ಜಾರ್ಜ್ ವಾಷಿಂಗ್ಟನ್ ಹೌಂಡ್‌ಗಳನ್ನು ಸಾಕಿ ತಳಿ ಬೆಳೆಸಿದವರು. 1785ರಲ್ಲಿ ಅವರಿಗೆ ಫ್ರೆಂಚ್ ಸೇನಾನಿ ಲಫಾಯೆಟ್ ಫ್ರಾನ್ಸಿನಿಂದ ಹೌಂಡ್‌ಗಳನ್ನು ಕಳಿಸಿಕೊಟ್ಟಿದ್ದರು. ಆ ಪರಂಪರೆಯ ಅಮೆರಿಕನ್ ಫಾಕ್ಸ್‌ಹೌಂಡ್ 1966ರಿಂದ ವರ್ಜೀನಿಯಾದ ರಾಜ್ಯ ನಾಯಿ. ಕರಾವಳಿ ಬಯಲಿನ ಜೌಗು ಕಾಡುಗಳು ಎಷ್ಟು ದಟ್ಟವೆಂದರೆ ಅಲ್ಲಿ ಮನುಷ್ಯ ನಡೆದುಹೋಗಿ ಜಿಂಕೆಯನ್ನು ಕಾಣುವುದು ಕಷ್ಟ. ನಾಯಿಗಳು ಹೊಕ್ಕು ಎಬ್ಬಿಸಬೇಕು, ಬೇಟೆಗಾರರು ಜಿಂಕೆ ಹಾಯುವ ಕಡೆ ಕಾದು ನಿಲ್ಲಬೇಕು. ನಮ್ಮ ಮಲೆನಾಡಿನಲ್ಲಿ ಒಂದು ಕಾಲಕ್ಕೆ ಊರಿನವರೆಲ್ಲ ಸೇರಿ ಕಾಡು ಸೋವುತ್ತಿದ್ದದ್ದನ್ನು ಬಲ್ಲವರಿಗೆ ಈ ಬಗೆ ಅಪರಿಚಿತವೆನ್ನಿಸದು. ಅದು ಒಬ್ಬನ ಬೇಟೆಯಲ್ಲ, ಊರಿನ ಬೇಟೆ. ತಾತ, ಮಗ, ಮೊಮ್ಮಗ ಒಟ್ಟಿಗೆ ಹೊರಡುತ್ತಾರೆ. ದೂರದ ದನಿ ಕೇಳಿಯೇ ಇದು ಯಾರ ನಾಯಿ, ಜಾಡು ಹಸಿಯೋ ಹಳತೋ ಎಂದು ಹೇಳಬಲ್ಲ ಹಿರಿಯರಿದ್ದಾರೆ. ಮಾಂಸ ಹಂಚಿ ಹೋಗುತ್ತದೆ. ಇದನ್ನೆಲ್ಲ ಅನಾಗರಿಕತೆ ಎಂದು ಮೂಗು ಮುರಿಯುವ ನಗರದವರ ಜೊತೆ ನಾನಿಲ್ಲ.

ಆದರೆ ಆ ಪದ್ಧತಿ ಬೆಳೆದದ್ದು ಬೇಲಿಯಿಲ್ಲದ ಕಾಲದಲ್ಲಿ. ಉಳದೆ ಬಿಟ್ಟ, ಬೇಲಿ ಹಾಕದ ನೆಲದಲ್ಲಿ ಊರವರು ಬೇಟೆಯಾಡಬಹುದು, ಒಡೆಯ ಬೇಡವೆನ್ನುವವರೆಗೆ ಅದು ತಪ್ಪಲ್ಲ ಎಂಬ ರೂಢಿ ಆ ದೇಶದಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, 1922ರ ಮಕ್ಕೀ–ಗ್ರಾಟ್ಜ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಅದನ್ನು ಎತ್ತಿ ಹೇಳಿದರು. ಆಗ ಸಾವಿರಾರು ಎಕರೆಗೆ ಒಬ್ಬ ಒಡೆಯ. ನಾಯಿ ಎಷ್ಟು ಓಡಿದರೂ ಒಂದೆರಡು ಮನೆಯವರ ನೆಲ ದಾಟುತ್ತಿತ್ತು, ಅವರೆಲ್ಲ ನಂಟರೋ ಪರಿಚಿತರೋ ಆಗಿರುತ್ತಿದ್ದರು. ಬರಬರುತ್ತಾ ಜಮೀನು ಪಾಲಾಯಿತು, ಮಾರಾಟವಾಯಿತು, ಬಡಾವಣೆಯಾಯಿತು. ಇವತ್ತು ಒಂದು ಓಟದಲ್ಲಿ ಹೌಂಡ್‌ಗಳು ಹತ್ತಾರು ಜನರ ಆಸ್ತಿ ದಾಟುತ್ತವೆ. ಆ ಒಡೆಯರಲ್ಲಿ ಒಬ್ಬಾಕೆ ಕುದುರೆ ಸಾಕಿದ್ದಾಳೆ, ಇನ್ನೊಬ್ಬ ಅಟ್ಟಣೆಯ ಮೇಲೆ ಸದ್ದಿಲ್ಲದೆ ಕೂತಿದ್ದಾನೆ, ಮತ್ತೊಬ್ಬರಿಗೆ ಬೇಟೆಯೇ ಬೇಡ.

ರಾಜ್ಯಗಳು ಇದಕ್ಕೆ ಒಂದೊಂದು ದಾರಿ ಹಿಡಿದವು. ಟೆಕ್ಸಸ್ 1990ರಲ್ಲಿ ನಾಯಿ ಬಿಟ್ಟು ಜಿಂಕೆ ಬೇಟೆಯಾಡುವುದನ್ನೇ ನಿಲ್ಲಿಸಿತು. ಸೌತ್ ಕೆರೊಲಿನಾ 2010ರಲ್ಲಿ ‘ರೆನಿಗೇಡ್ ಹಂಟರ್’ ಕಾಯ್ದೆ ತಂದು, ರಸ್ತೆಯಂಚಿನಲ್ಲಿ ನಿಂತು ಪರರ ನೆಲದಿಂದ ನಾಯಿಗಳು ಎಬ್ಬಿಸಿಕೊಡುವ ಜಿಂಕೆಗೆ ಕಾಯುವವರನ್ನು ಗುರಿಯಾಗಿಸಿತು. ನಾರ್ತ್ ಕೆರೊಲಿನಾದಲ್ಲಿ ಕೌಂಟಿಗೊಂದು ಸ್ಥಳೀಯ ನಿಯಮ. ವರ್ಜೀನಿಯಾದಲ್ಲಿ ಬ್ಲೂ ರಿಜ್ ಬೆಟ್ಟಸಾಲಿನ ಪಶ್ಚಿಮಕ್ಕೆ ಹೌಂಡ್‌ಗಳಿಂದ ಜಿಂಕೆ ಬೇಟೆ ಇಲ್ಲ, ಪೂರ್ವಕ್ಕೆ ಬಹುತೇಕ ಕಡೆ ಇದೆ. ಪರರ ನಿಷೇಧಿತ ನೆಲದಲ್ಲಿ ಬೇಕೆಂದೇ ಬೇಟೆನಾಯಿ ಬಿಡುವುದು ಅಲ್ಲೂ ಅಪರಾಧವೇ. ಆದರೆ ‘ಬೇಕೆಂದೇ’ ಎಂಬ ಆ ಒಂದು ಮಾತನ್ನು ಸಾಬೀತುಮಾಡಬೇಕಾದವನು ದೂರುದಾರ. ‘ನಾನು ನನ್ನ ನೆಲದಲ್ಲಿ ಬಿಟ್ಟೆ, ನಾಯಿ ನಿಮ್ಮ ಕಡೆ ಬಂತು, ನಾಯಿಗೆ ಓದಲು ಬರುತ್ತದೆಯೇ?’ ಎಂದು ಯಜಮಾನ ಕೇಳಿದರೆ ಅಧಿಕಾರಿ ಬರಿಗೈಯಲ್ಲಿ ಮರಳುತ್ತಾನೆ.

ನನಗೆ ಹೆಚ್ಚು ಹಿಡಿಸಿದ್ದು ಜಾರ್ಜಿಯಾದ ದಾರಿ. 2003ರಿಂದ ಅಲ್ಲಿ ಹೌಂಡ್‌ಗಳೊಂದಿಗೆ ಜಿಂಕೆ ಬೇಟೆಗೆ ಆ ನೆಲಕ್ಕೇ ಪರವಾನಗಿ ಬೇಕು. ಸ್ವಂತ ನೆಲವಾದರೆ ಒಂದೇ ಹಾಸಿನಲ್ಲಿ ಕನಿಷ್ಠ 250 ಎಕರೆ, ಗುತ್ತಿಗೆಯದಾದರೆ 1,000 ಎಕರೆ ಇರಬೇಕು. ಪ್ರತಿ ನಾಯಿಯ ಮೇಲೂ, ಬೇಟೆಗೆ ಬಂದ ವಾಹನದ ಮೇಲೂ ಪರವಾನಗಿಯ ಸಂಖ್ಯೆ ಕಾಣಬೇಕು. ನಾಯಿಯನ್ನು ಓಡಲು ಬಿಡುವವನಿಗೆ ನಾಯಿ ಓಡುವಷ್ಟು ನೆಲವಿರಬೇಕು ಎಂಬುದು ಮೊದಲ ನಿಯಮದ ತಿರುಳು. ಎರಡನೆಯದರ ತಿರುಳು ಇನ್ನೂ ಮುಖ್ಯ: ಗಡಿ ದಾಟಿದ ನಾಯಿ ಯಾವ ಪರವಾನಗಿಯದು ಎಂಬುದು ಅದರ ಮೈಮೇಲೆಯೇ ಬರೆದಿರುತ್ತದೆ.

ಇಷ್ಟಕ್ಕೂ ನಾಯಿ ಅಟ್ಟಿದರೆ ಜಿಂಕೆಗೆ ಏನಾಗುತ್ತದೆ? ಅಟ್ಟಣೆಯ ಬೇಟೆಗಾರರು ‘ಒಂದು ಸಲ ನಾಯಿ ನುಗ್ಗಿದರೆ ಜಿಂಕೆ ಆ ಕಾಡನ್ನೇ ಬಿಟ್ಟುಹೋಗುತ್ತದೆ’ ಎನ್ನುತ್ತಾರೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಜಿಂಕೆಗಳ ಕೊರಳಿಗೆ ರೇಡಿಯೊ ಕಟ್ಟಿ, ಬೇಟೆನಾಯಿಗಳನ್ನು ಬಿಟ್ಟು ನಡೆಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು. ಜಿಂಕೆಗಳು ತಮ್ಮ ಎಲ್ಲೆ ಬಿಟ್ಟು ಓಡಿದವು, ನೀರಿಗಿಳಿದವು, ಬಂದ ದಾರಿಯಲ್ಲೇ ಹಿಂದೆ ಸರಿದು ನಾಯಿಗಳನ್ನು ತಪ್ಪಿಸಿದವು. ಬಹುಪಾಲು ಒಂದು ದಿನದೊಳಗೆ ಹಿಂದಿರುಗಿದವು. ಬಿಳಿಬಾಲದ ಜಿಂಕೆಯೊಂದರ ಓಡಾಟದ ಎಲ್ಲೆ ಸಾಮಾನ್ಯವಾಗಿ ಒಂದು ಚದರ ಮೈಲಿಯ, ಅಂದರೆ 640 ಎಕರೆಯ, ಹಿಂದುಮುಂದು. ಅಷ್ಟು ಬಲ್ಲ ನೆಲವನ್ನು ಅದು ಒಂದು ಬೆಳಗಿನ ಗದ್ದಲಕ್ಕೆ ಕಾಯಮ್ಮಾಗಿ ಬಿಡುವುದಿಲ್ಲ. ಹಾಗಾಗಿ ಆರೋಗ್ಯವಂತ ಜಿಂಕೆ, ಹಿಮವಿಲ್ಲದ ನೆಲ, ಋತುವಿನಲ್ಲಿ ಒಂದೆರಡು ಓಟ ಎಂದಾದರೆ ಬೇಟೆಗಾರನ ಅಂದಿನ ದಿನ ಕೆಟ್ಟೀತು, ಜಿಂಕೆಯ ಬದುಕು ಕೆಡುವುದಿಲ್ಲ. ಜಿಂಕೆಯ ಪರವಾಗಿ ಮಾತಾಡುವವರು ಈ ಸಂಗತಿಯನ್ನು ಮುಚ್ಚಿಡಬಾರದು.

ಆದರೆ ಆ ಮೂರು ಮಾತುಗಳಲ್ಲಿ ಒಂದು ತಪ್ಪಿದರೂ ಚಿತ್ರ ಬದಲಾಗುತ್ತದೆ. ಹೆಣ್ಣು ಜಿಂಕೆ ನವೆಂಬರಿನ ಸುಮಾರಿಗೆ ಕೂಡಿ, 200 ದಿನಗಳಷ್ಟು ಕಾಲ ಹೊತ್ತು, ಮೇ ಕೊನೆಯಲ್ಲೋ ಜೂನಿನಲ್ಲೋ ಈಯುತ್ತದೆ. ಉತ್ತರದ ರಾಜ್ಯಗಳಲ್ಲಿ ಈ ಬಸುರಿನ ಬಹುಭಾಗ ಹಿಮದ ತಿಂಗಳುಗಳಲ್ಲೇ ಕಳೆಯಬೇಕು. ಮೇವು ಸಾಲದ ಆ ಕಾಲದಲ್ಲಿ ಜಿಂಕೆ ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಂಡು, ಗಾಳಿ ಬೀಸದ ಕಡೆ ಗುಂಪಾಗಿ ನಿಂತು, ಆದಷ್ಟು ಕಡಿಮೆ ನಡೆದು ಬದುಕುತ್ತದೆ. ಅದರ ಜೀವವೇ ಈ ಮಿತವ್ಯಯದ ಮೇಲೆ ನಿಂತಿದೆ. ಅಲ್ಲಿಗೆ ನಾಯಿ ಬಂದರೆ ಪ್ರತಿ ನೆಗೆತದಲ್ಲೂ ಆ ಕೂಡಿಟ್ಟದ್ದು ಕರಗುತ್ತದೆ. ಹಿಮದ ಮೇಲ್ಪದರ ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಗಟ್ಟಿಯಾಗಿ ಹಪ್ಪಳಗಟ್ಟಿದಾಗ ಇನ್ನೂ ಕಷ್ಟ. ಅಗಲ ಪಂಜದ ನಾಯಿಯನ್ನು ಆ ಪದರ ತಾಳುತ್ತದೆ, ಜಿಂಕೆಯ ಚೂಪು ಗೊರಸು ಅದನ್ನು ಒಡೆದು ಹೂತುಹೋಗುತ್ತದೆ. ಬಯಲಿನಲ್ಲಿ ಯಾವ ಸಾಕುನಾಯಿಗೂ ಸಿಗದ ಪ್ರಾಣಿ ಅಲ್ಲಿ ಎದೆಮಟ್ಟ ಹಿಮದಲ್ಲಿ ನಿಂತುಬಿಡುತ್ತದೆ. ತಪ್ಪಿಸಿಕೊಂಡರೂ ಕೆಲವೊಮ್ಮೆ ಉಳಿಯುವುದಿಲ್ಲ. ಮಿತಿಮೀರಿ ಓಡಿದ ಪ್ರಾಣಿಯ ಸ್ನಾಯುಗಳು ಒಳಗೇ ಒಡೆದು, ಅದರ ವಿಷ ರಕ್ತ ಸೇರಿ, ಮೂತ್ರಪಿಂಡ ಕೆಟ್ಟು, ಗಂಟೆಗಳೋ ದಿನಗಳೋ ಕಳೆದ ಮೇಲೆ ಸಾಯಬಹುದು. ನಾಯಿಯ ಯಜಮಾನ ಅದನ್ನು ಕಾಣುವುದೇ ಇಲ್ಲ.

ಮಿನ್ನೆಸೋಟಾದ ಕಾನೂನು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ನಾಯಿಯೊಂದು ಜಿಂಕೆಯಂಥ ದೊಡ್ಡ ಬೇಟೆಪ್ರಾಣಿಯ ಜೀವಕ್ಕೆ ಅಪಾಯವಾಗುವಂತೆ ಅಟ್ಟುತ್ತಿರುವುದನ್ನು ಕಂಡರೆ ಅಧಿಕಾರಿ ಯಾವಾಗ ಬೇಕಾದರೂ, ಸಾಮಾನ್ಯ ಪ್ರಜೆ ಜನವರಿ 1ರಿಂದ ಜುಲೈ 14ರವರೆಗೆ, ಕೋವಿ ಹಾರಿಸಲು ಅವಕಾಶವಿರುವ ಕಡೆ, ಆ ನಾಯಿಯನ್ನು ಕೊಲ್ಲಬಹುದು. ಕಡು ಹಿಮ, ತುಂಬು ಬಸುರು, ಎಳೆಮರಿ ಮೂರೂ ಆ ಆರೂವರೆ ತಿಂಗಳೊಳಗೆ ಬರುತ್ತವೆ. ಕೊಲೊರಾಡೊದಲ್ಲಿಯೂ ವನ್ಯಜೀವಿ ಅಧಿಕಾರಿಗಳಿಗೆ ಇಂಥ ಅಧಿಕಾರವಿದೆ, ಚಳಿಗಾಲ ಬಂತೆಂದರೆ ನಾಯಿ ಕಟ್ಟಿಕೊಳ್ಳಿ ಎಂದು ಜನರನ್ನು ಎಚ್ಚರಿಸುತ್ತಾರೆ.

ಈ ಕಾನೂನುಗಳ ಸುದ್ದಿ ಅರೆಬರೆ ಹರಡಿ ದೊಡ್ಡ ಅನಾಹುತಕ್ಕೆ ದಾರಿಯಾಗಿದೆ. ‘ಜಿಂಕೆ ಅಟ್ಟುವ ನಾಯಿಗೆ ಗುಂಡಿಕ್ಕಬಹುದು’ ಎಂಬುದನ್ನು ದೇಶಕ್ಕೆಲ್ಲ ಒಂದೇ ನಿಯಮವೆಂದು ಅನೇಕ ಬೇಟೆಗಾರರು ನಂಬಿದ್ದಾರೆ. ಹಾಗಿಲ್ಲ. ಕುರಿ, ಕೋಳಿ, ದನಗಳ ಮೇಲೆ ಬಿದ್ದ ನಾಯಿಯನ್ನು ರೈತ ಕೊಲ್ಲಲು ಬಿಡುವ ಕಾನೂನು ಬಹಳ ರಾಜ್ಯಗಳಲ್ಲಿದೆ. ಕಾಡಿನ ಜಿಂಕೆ ಸಾಕುಪ್ರಾಣಿಯಲ್ಲ, ಆ ರಕ್ಷಣೆ ಅದಕ್ಕೆ ತಾನಾಗಿ ಹಬ್ಬುವುದಿಲ್ಲ. ಅಂಥ ಕಡೆ ನಾಯಿಯನ್ನು ಹೊಡೆದವನ ಮೇಲೆ ಪರರ ಸ್ವತ್ತು ನಾಶದ, ಪ್ರಾಣಿಹಿಂಸೆಯ ಮೊಕದ್ದಮೆ ಬೀಳುತ್ತದೆ. ಕಾನೂನು ಬಿಟ್ಟ ರಾಜ್ಯದಲ್ಲೂ ಕೋವಿ ಎತ್ತುವುದು ತಪ್ಪೆಂದೇ ನನ್ನ ಅಭಿಪ್ರಾಯ. ಜಿಂಕೆ ನಾಯಿಯ ಬಾಯಿಗೆ ಸಿಕ್ಕು ಬೇರೆ ದಾರಿಯೇ ಇಲ್ಲದ ಗಳಿಗೆ ಬೇರೆ. ನಾಯಿ ತನ್ನ ಮೂಗು ಹೇಳಿದ್ದನ್ನು ಮಾಡಿದೆ. ಸಾವಿರಾರು ವರ್ಷ ಮನುಷ್ಯನೇ ಆ ಮೂಗನ್ನು ತಿದ್ದಿ ಬೆಳೆಸಿದ್ದು. ಬಾಗಿಲು ತೆರೆದಿಟ್ಟವನ ತಪ್ಪಿಗೆ ಅದು ಯಾಕೆ ಸಾಯಬೇಕು? ಅದು ಸತ್ತ ಮೇಲೆ ಬೇಲಿಯ ಆಚೆ ಈಚೆ ಕೋವಿ ಇಟ್ಟುಕೊಂಡ ಇಬ್ಬರು ಉಳಿಯುತ್ತಾರೆ, ನಡುವೆ ಮಾತಿಲ್ಲ.

ಸಾಕುನಾಯಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಬಂಡೀಪುರದ ಸೀಳುನಾಯಿ ಜಿಂಕೆಯನ್ನು ಹಸಿವಿಗೆ ಹಿಡಿಯುತ್ತದೆ. ಬೇಟೆ ತಪ್ಪಿದರೆ ಅದರ ಹೊಟ್ಟೆಯೇ ಉರಿಯುತ್ತದೆ, ಹಾಗಾಗಿ ಸಿಗದ ಬೇಟೆಯ ಹಿಂದೆ ವೃಥಾ ಓಡುವುದಿಲ್ಲ. ಮನೆಯಲ್ಲಿ ಉಂಡು ಬಂದ ನಾಯಿಗೆ ಆ ಅಂಕೆ ಇಲ್ಲ. ಅದು ಆಟಕ್ಕೆ ಓಡುತ್ತದೆ, ನಾಳೆಯೂ ಓಡುತ್ತದೆ. ಕೊಲ್ಲುವ ಕಸುಬು ಸರಿಯಾಗಿ ಬಾರದ ಕಾರಣ ತೊಡೆ, ಕಾಲು, ಕಿವಿ ಹರಿದು ಅರ್ಧ ಜೀವಕ್ಕೆ ಬಿಟ್ಟುಬರುವುದೂ ಉಂಟು. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ವನಕ್ ಮತ್ತು ಸಂಗಡಿಗರು ಭಾರತದಲ್ಲಿ ನಾಯಿ ದಾಳಿಗಳ ವರದಿಗಳನ್ನು ಕಲೆಹಾಕಿ ನೋಡಿದಾಗ 80 ಜಾತಿಯ ಕಾಡುಪ್ರಾಣಿಗಳ ಮೇಲೆ ನಾಯಿಗಳು ಬಿದ್ದದ್ದು ತಿಳಿದುಬಂತು. ತುಮಕೂರು ಜಿಲ್ಲೆಯ ಜಯಮಂಗಲಿ, ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಂಥ ಕಡೆ ಕೃಷ್ಣಮೃಗಗಳು ಹೊಲ, ಹಳ್ಳಿಗಳ ನಡುವೆಯೇ ಬದುಕುತ್ತವೆ. ಬೀಡಾಡಿ ನಾಯಿಗಳ ಗುಂಪು ಅವುಗಳ ಮರಿಗಳಿಗೆ ಏನು ಮಾಡಬಲ್ಲದು ಎಂದು ಆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಜಮಾನನಿರುವ ನಾಯಿಯ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ನೇರವಾಗಿದೆ. 1972ರ ಕಾಯ್ದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೆ ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದು, ಸೋವುವುದು, ಅದಕ್ಕೆ ಯತ್ನಿಸುವುದೂ ಸೇರಿವೆ. ಮುಧೋಳ ನಾಯಿಯನ್ನು ಹೆಮ್ಮೆಯಿಂದ ಸಾಕುವವರು, ಕಾಡಂಚಿನ ಎಸ್ಟೇಟು, ಹೋಂಸ್ಟೇಗಳಲ್ಲಿ ಕಾವಲಿಗೆಂದು ರಾತ್ರಿ ನಾಯಿ ಬಿಚ್ಚಿ ಬಿಡುವವರು ಇದನ್ನು ತಿಳಿದಿರಬೇಕು. 2005ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದ ಆ ಮುಧೋಳ ನಾಯಿ ಓಟಕ್ಕೆಂದೇ ಹುಟ್ಟಿದ್ದು. ಅದಕ್ಕೆ ಓಡಲು ಜಾಗ ಕೊಡಿ, ಜಿಂಕೆಯನ್ನು ಕೊಡಬೇಡಿ.

ಮತ್ತೆ ವರ್ಜೀನಿಯಾದ ಗುತ್ತಿಗೆದಾರನಲ್ಲಿಗೆ ಬರೋಣ. ಅವನು ಮೊದಲು ಮಾಡಬೇಕಾದದ್ದು, ಅಟ್ಟುತ್ತಿರುವುದು ನಾಯಿಯೇ ಎಂದು ಖಚಿತ ಮಾಡಿಕೊಳ್ಳುವುದು. ತೋಳದ ಹತ್ತಿರದ ಸಂಬಂಧಿಯಾದ, ಅದಕ್ಕಿಂತ ಸಣ್ಣ ಕಯೋಟಿ ಈಗ ಪೂರ್ವದ ರಾಜ್ಯಗಳಲ್ಲೆಲ್ಲ ಹರಡಿದೆ. ಅದು ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತದೆ, ಕೊಂದದ್ದನ್ನು ತಿನ್ನುತ್ತದೆ. ಹಿಂಗಾಲಿನಲ್ಲಿ ಎಲ್ಲೆಂದರಲ್ಲಿ ಹರಿದ ಗಾಯಗಳಿದ್ದು ಮಾಂಸ ಹಾಗೇ ಉಳಿದಿದ್ದರೆ ನಾಯಿಯ ಮೇಲೆ ಗುಮಾನಿ. ಮರಕ್ಕೆ ಕಟ್ಟಿದ ಕ್ಯಾಮೆರಾ ಇಲ್ಲಿ ದೊಡ್ಡ ಸಾಕ್ಷಿ, ದಿನ ಗಂಟೆ ಎಲ್ಲವೂ ಅದರಲ್ಲಿ ಅಚ್ಚಾಗಿರುತ್ತದೆ. ಗಡಿಯ ಫಲಕಗಳನ್ನೂ ನೋಡಿಕೊಳ್ಳಬೇಕು. ವರ್ಜೀನಿಯಾ, ನಾರ್ತ್ ಕೆರೊಲಿನಾ, ಟೆಕ್ಸಸ್ ಸೇರಿ ಹಲವು ರಾಜ್ಯಗಳಲ್ಲಿ ಗಡಿಯ ಮರಗಳಿಗೆ ನೇರಳೆ ಬಣ್ಣದ ನಿಲುವುಗೆರೆ ಬಳಿದರೆ ಅದೇ ‘ಅಪ್ಪಣೆಯಿಲ್ಲದೆ ಬರಬೇಡಿ’ ಎಂಬ ನೋಟೀಸು. ಟೆಕ್ಸಸಿನಲ್ಲಿ ಆ ಗೆರೆ ಕನಿಷ್ಠ 8 ಅಂಗುಲ ಉದ್ದ, ಕನಿಷ್ಠ 1 ಅಂಗುಲ ಅಗಲ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿರಬೇಕು. ಬಣ್ಣ ನಾಯಿಯನ್ನು ತಡೆಯುವುದಿಲ್ಲ, ನಾಯಿಯ ಯಜಮಾನ ‘ನನಗೆ ಗೊತ್ತಿರಲಿಲ್ಲ’ ಎನ್ನುವುದನ್ನು ತಡೆಯುತ್ತದೆ.

ಆ ಮಾತನ್ನು ತಡೆಯುವುದೇ ಇವತ್ತು ಮುಖ್ಯ. ನಾಯಿ ಹುಡುಕಲು ಪರರ ನೆಲಕ್ಕೆ ಹೋಗಬಹುದೆಂಬ ರೂಢಿ, ಅದಕ್ಕೆ ಬೆಂಬಲವಾದ ಕಾನೂನು ಹುಟ್ಟಿದ್ದು ನಾಯಿ ಎಲ್ಲಿದೆ ಎಂಬುದಕ್ಕೆ ಅದರ ದನಿಯೊಂದೇ ಸುಳಿವಾಗಿದ್ದ ಕಾಲದಲ್ಲಿ. ಕತ್ತಲಾದರೂ ಬಾರದ ನಾಯಿಯನ್ನು ಅಲ್ಲೇ ಬಿಟ್ಟುಬರಲು ಯಾರಿಗೂ ಮನಸ್ಸಾಗದು, ಆ ಕಾನೂನಿನಲ್ಲಿ ಆ ಕರುಣೆ ಇದೆ. ಈಗ ಹೌಂಡಿನ ಕೊರಳಲ್ಲಿ ಜಿಪಿಎಸ್ ಪಟ್ಟಿ ಇದೆ. ಯಜಮಾನನ ಕೈಯ ಪರದೆಯಲ್ಲಿ ನಾಯಿ ಎಲ್ಲಿದೆ, ಯಾವ ದಿಕ್ಕಿಗೆ ಓಡುತ್ತಿದೆ ಎಂಬುದು ಕ್ಷಣಕ್ಷಣಕ್ಕೂ ಕಾಣುತ್ತದೆ, ಅದರ ಮೇಲೆ ಜಮೀನಿನ ಗಡಿಗೆರೆಯನ್ನೂ ಮೂಡಿಸಿಕೊಳ್ಳಬಹುದು. ಪಟ್ಟಿಯಿಂದ ಸದ್ದು ಹೊರಡಿಸಿ ಹಿಂದೆ ಕರೆಯುವಂತೆ ನಾಯಿಯನ್ನು ಪಳಗಿಸಬಹುದು. ನಾಯಿಗೆ ಓದಲು ಬರುವುದಿಲ್ಲ ನಿಜ, ಯಜಮಾನನಿಗೆ ಬರುತ್ತದೆ. ತಿಳಿಯುವ ಸಾಧನ ಕೈಗೆ ಬಂದ ಮೇಲೆ ಹೊಣೆಯೂ ಜೊತೆಗೇ ಬಂದಿದೆ. ಹಿಂಡು ಮತ್ತೆ ಮತ್ತೆ ಅದೇ ಗಡಿಯನ್ನು ಅದೇ ಜಾಗದಲ್ಲಿ ದಾಟುತ್ತಿದ್ದರೆ, ಅದು ಆಕಸ್ಮಿಕವಲ್ಲ ಎಂದು ಸಾಬೀತುಮಾಡುವ ಭಾರವನ್ನು ಭೂಮಾಲೀಕನ ತಲೆಗೇ ಕಟ್ಟುವ ಕಾನೂನು ಬದಲಾಗಬೇಕು. ಒಳ್ಳೆಯ ಕ್ಲಬ್ಬುಗಳು ಕಾನೂನಿಗೆ ಕಾಯದೆ ಇದನ್ನು ಪಾಲಿಸುತ್ತವೆ. ನೆಲದ ನಟ್ಟನಡುವೆ ನಾಯಿ ಬಿಡುತ್ತಾರೆ, ಗಡಿಯಲ್ಲಿ ಜನ ನಿಲ್ಲಿಸಿ ದಾಟುವ ಮುನ್ನ ಹಿಡಿಯುತ್ತಾರೆ, ಗಡಿ ಕಡೆ ಮುಖ ಮಾಡಿದ ಓಟವನ್ನು ಮುರಿಯುತ್ತಾರೆ.

ಪಕ್ಕದ ಮನೆಯ ಸಾಕುನಾಯಿಯದು ಸರಳ, ಹಾಗೆಂದು ಸುಲಭವಲ್ಲ. ರಾಲೀ, ರಿಚ್ಮಂಡ್, ಅಟ್ಲಾಂಟಾಗಳ ಹೊರವಲಯದಲ್ಲಿ ಮನೆ ಮಾಡಿರುವ ನಮ್ಮ ಕನ್ನಡಿಗರಿಗೂ ಇದು ಸಂಬಂಧಿಸಿದ್ದು. ಹಿತ್ತಲ ಆಚೆ ಕಾಣುವ ಕಾಡು ಯಾರೋ ಒಬ್ಬರ ಗುತ್ತಿಗೆಯ ನೆಲವಾಗಿರಬಹುದು. ನೆಲದೊಳಗೆ ತಂತಿ ಹೂತು ಕೊರಳಿಗೆ ಸಣ್ಣ ಷಾಕ್ ಕೊಡುವ ‘ಕಾಣದ ಬೇಲಿ’ ಸಾಕೆಂದು ಹಲವರು ನಂಬುತ್ತಾರೆ. ಕಣ್ಣೆದುರು ಜಿಂಕೆ ನೆಗೆದಾಗ ಆ ಚುರುಕು ನಾಯಿಯ ಲೆಕ್ಕಕ್ಕೇ ಬರದೆ ಹೋಗಬಹುದು, ವಾಪಸು ಬರುವಾಗ ಮಾತ್ರ ಅದೇ ಷಾಕ್ ಅದನ್ನು ಹೊರಗೇ ನಿಲ್ಲಿಸುತ್ತದೆ. ನಿಜವಾದ ಬೇಲಿ ಹಾಕಿಸಿ, ಇಲ್ಲವೇ ಹಗ್ಗ ಹಿಡಿದು ನಡೆಸಿ. ಮೇ, ಜೂನಿನಲ್ಲಂತೂ ಹಗ್ಗ ಬಿಡಲೇಬೇಡಿ. ಹುಟ್ಟಿದ ಮೊದಲ ವಾರಗಳಲ್ಲಿ ಚುಕ್ಕೆಮರಿ ಓಡುವುದಿಲ್ಲ, ಹುಲ್ಲಿನಲ್ಲಿ ಅಲ್ಲಾಡದೆ ಮಲಗುವುದೇ ಅದಕ್ಕಿರುವ ರಕ್ಷಣೆ, ತಾಯಿ ದೂರದಲ್ಲಿ ಮೇಯುತ್ತಿರುತ್ತದೆ.

ಗುತ್ತಿಗೆದಾರ ದೂರು ಹೇಳಲು ಹೋಗುವುದಾದರೆ ಬೇಟೆ ಶುರುವಾಗುವ ಮೊದಲೇ, ಆಗಸ್ಟಿನಲ್ಲೇ ಹೋಗಬೇಕು. ಓಡಿಹೋದ ಜಿಂಕೆಯ ಸಿಟ್ಟು ಹೊತ್ತು ನವೆಂಬರಿನ ಬೆಳಿಗ್ಗೆ ಅಲ್ಲ. ಕ್ಯಾಮೆರಾದ ಚಿತ್ರ ತೋರಿಸಿ ‘ಇದು ನಿಮ್ಮ ನಾಯಿಯೇ ಅಲ್ಲವೇ? ರಾತ್ರಿ ಎರಡು ಗಂಟೆಗೆ ನಮ್ಮ ತೋಪಿನಲ್ಲಿತ್ತು, ಹೆದ್ದಾರಿ ದಾಟಿಯೇ ಬಂದಿರಬೇಕು’ ಎಂದರೆ ಸಾಕು. ಬಹಳ ಮಂದಿ ಯಜಮಾನರಿಗೆ ಅದು ನಿಜಕ್ಕೂ ಗೊತ್ತಿರುವುದಿಲ್ಲ, ಜಿಂಕೆಗಿಂತ ಹೆದ್ದಾರಿಯ ಮಾತು ಅವರ ಎದೆಗೆ ನಾಟುತ್ತದೆ. ನೆಲದ ಒಡೆಯನಿಗೂ ತಿಳಿಸಿರಬೇಕು, ಮುಂದೆ ಅತಿಕ್ರಮಣದ ದೂರಿಗೆ ಸಹಿ ಹಾಕಬೇಕಾದವನು ಅನೇಕ ಕಡೆ ಅವನೇ. ಮಾತಿಗೆ ಬಗ್ಗದಿದ್ದರೆ ಬೀದಿಯಲೆಯುವ ಸಾಕುನಾಯಿಗೆ ಕೌಂಟಿಯ ಪ್ರಾಣಿ ನಿಯಂತ್ರಣ ವಿಭಾಗ, ಬೇಟೆನಾಯಿಗೆ ರಾಜ್ಯದ ಗೇಮ್ ವಾರ್ಡನ್. ದೂರು ಯಾರಿಗೆ ಎಂಬುದು ತಪ್ಪಿದರೆ ತಿಂಗಳುಗಟ್ಟಲೆ ಅಲೆದಾಟ. ನಾಯಿ ಕೈಗೆ ಸಿಕ್ಕರೆ ಹಿಡಿದು, ನೀರು ಕೊಟ್ಟು, ಕೊರಳಪಟ್ಟಿಯ ನಂಬರಿಗೆ ಫೋನ್ ಮಾಡಬೇಕು. ಪಟ್ಟಿಯನ್ನು ಮಾತ್ರ ಬಿಚ್ಚಬಾರದು. ಯಜಮಾನನಿಗೆ ನಾಯಿ ಸಿಗದಿರಲೆಂದು ಪರರ ನಾಯಿಯ ಕೊರಳಿನಿಂದ ರೇಡಿಯೊ ಅಥವಾ ಜಿಪಿಎಸ್ ಪಟ್ಟಿಯನ್ನು ಅಪ್ಪಣೆಯಿಲ್ಲದೆ ತೆಗೆಯುವುದು ವರ್ಜೀನಿಯಾದಲ್ಲಿ ಮೊದಲ ದರ್ಜೆಯ ‘ಮಿಸ್‌ಡಿಮೀನರ್’ ಅಪರಾಧ. ಅಲ್ಲಿಯವರೆಗೆ ದೂರುದಾರನಾಗಿದ್ದವನು ಆ ಒಂದು ಕೆಲಸದಿಂದ ಆರೋಪಿಯಾಗುತ್ತಾನೆ.